ಗೋಣಿಮರದ ಸರ್ವೆ

ನಾನು ಮೊದಲು ನೋಡಿದ್ದು ಮೇಷ್ಟ್ರನ್ನಲ್ಲ, ಅವರು ತೆಗೆದ ನೀರನ್ನು. ಹಾಸನದ ಒಂದು ಕಣ್ಣಿನ ಆಸ್ಪತ್ರೆಯ ವರಾಂಡದಲ್ಲಿ ಸರದಿಗೆ ಕಾದು ಕೂತಿದ್ದೆ. ಎದುರಿನ ಗೋಡೆಯಲ್ಲಿ ಗೊರೂರಿನ ಹಿನ್ನೀರಿನ ಒಂದು ಕಪ್ಪುಬಿಳುಪು ಫೋಟೊ ಇತ್ತು. ಸುಮ್ಮನೆ ಎದ್ದು ಹತ್ತಿರ ಹೋದೆ. ಹೋದಷ್ಟೂ ಅದು ಬಿಚ್ಚಿಕೊಳ್ಳುತ್ತಾ ಹೋಯಿತು. ದಡದ ಹುಲ್ಲು ಬಿಡಿಬಿಡಿಯಾಗಿ ಕಾಣುತ್ತಿತ್ತು, ಒದ್ದೆ ಕಲ್ಲಿಗೂ ಒಣಕಲ್ಲಿಗೂ ವ್ಯತ್ಯಾಸ ಕಾಣುತ್ತಿತ್ತು, ಬಿಳಿ ಎಂದುಕೊಂಡ ಜಾಗದಲ್ಲಿ ಏನೇನೋ ಬೂದುಬಣ್ಣಗಳಿದ್ದವು. ಒಳಗಿನಿಂದ ನನ್ನ ಹೆಸರು ಕೂಗಿದ್ದು ಕೇಳಿಸಲೇ ಇಲ್ಲ. ನನ್ನ ಹಿಂದಿದ್ದವರು ಒಳಗೆ ಹೋಗಿಬಿಟ್ಟರು. ಗ್ಯಾಸ್ ಸಿಲಿಂಡರಿನ ಸಾಲಿನಲ್ಲೂ ಯಾರಿಗೂ ಸರದಿ ಬಿಟ್ಟುಕೊಟ್ಟವಳಲ್ಲ ನಾನು. ಅವತ್ತು ಜಗಳವಾಡುವುದೂ ಮರೆತುಹೋಯಿತು.

ತೆಗೆದವರು ಯಾರು ಎಂದು ವಿಚಾರಿಸಿದೆ. ಹೊಳೆನರಸೀಪುರದಲ್ಲಿರುವ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅಂದರು. ಮರುವಾರವೇ ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರು ಬಡಕಲು ದೇಹದ, ಬಿಳಿ ಪಂಚೆಯ ಮುದುಕರು. ನಾನು ಹಾಸನದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ, ಫಿಲ್ಮ್ ತೊಳೆಯುವ ಔಷಧಗಳ ಬಗ್ಗೆ ಅಲ್ಪಸ್ವಲ್ಪ ಗೊತ್ತು, ನಿಮ್ಮಿಂದ ಕಲಿಯುವ ಆಸೆ ಎಂದೆಲ್ಲ ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ನಿಂಗೆ ಕಾರ್ ಓಡ್ಸಕ್ಕೆ ಬತ್ತದಾ?"

ಬರುತ್ತದೆ ಅಂದೆ. ಒಳಗೆ ತಿರುಗಿ "ಇನ್ನೊಂದು ಲೋಟ ಕಾಫಿ ತಗಂಬಾ" ಎಂದು ಹೆಂಡತಿಗೆ ಕೂಗಿದರು. ನಾನು ಶಿಷ್ಯೆಯಾದದ್ದು ಹೀಗೆ.

ಅವರ ಕ್ಯಾಮೆರಾ ಹೆಗಲಿಗೆ ಹಾಕಿಕೊಳ್ಳುವ ಜಾತಿಯದ್ದಲ್ಲ. ತೇಗದ ಮರದ ಪೆಟ್ಟಿಗೆ, ಹಾರ್ಮೋನಿಯಂನಂತೆ ಮಡಿಕೆ ಮಡಿಕೆಯಾದ ತಿದಿ, ಒಂದು ತುದಿಗೆ ಲೆನ್ಸು, ಇನ್ನೊಂದು ತುದಿಗೆ ಮಸುಕು ಗಾಜು. ಅದನ್ನು ಹೊರಲು ಮರದ್ದೇ ಮೂರು ಕಾಲಿನ ಸ್ಟ್ಯಾಂಡು. ಮೇಷ್ಟ್ರು ಕಪ್ಪು ಬಟ್ಟೆ ಹೊದ್ದು, ಗಾಜಿನ ಮೇಲೆ ಬೀಳುವ ಬಿಂಬವನ್ನು ಭೂತಗನ್ನಡಿ ಹಿಡಿದು ನೋಡುತ್ತಾ ನಿಲ್ಲುತ್ತಿದ್ದರು. ಎಲ್ಲವೂ ಸರಿ ಅನ್ನಿಸಿದ ಮೇಲೆ ಹೋಲ್ಡರ್ ಎನ್ನುವ ಚಪ್ಪಟೆ ಡಬ್ಬಿಯನ್ನು ಹಿಂದೆ ತೂರಿಸಬೇಕು. ಅದರೊಳಗೆ ಪೋಸ್ಟ್‌ಕಾರ್ಡಿಗಿಂತ ದೊಡ್ಡದಾದ ಒಂದೇ ಒಂದು ಫಿಲ್ಮ್ ಹಾಳೆ. ಆಮೇಲೆ ಗುಂಡಿ ಒತ್ತಬೇಕು. ಆದರೆ ಎಲ್ಲವೂ ಸರಿ ಅನ್ನಿಸುವುದು ಅಪರೂಪ. ಬೆಳಿಗ್ಗೆ ಹೊರಟು, ಕಾದು, ಬುತ್ತಿ ತಿಂದು, ಮತ್ತೆ ಕಾದು, ಒಂದೂ ಫೋಟೊ ತೆಗೆಯದೆ ವಾಪಸ್ ಬಂದ ಭಾನುವಾರಗಳೇ ಹೆಚ್ಚು. "ಇವತ್ತು ಯಾವ ಬಂಡೆಯ ಮದುವೆ ಫೋಟೊ?" ಎಂದು ನನ್ನ ಗಂಡ ಪ್ರತಿ ಭಾನುವಾರ ತಪ್ಪದೆ ಕೇಳುತ್ತಿದ್ದರು.

ನನ್ನ ಕೆಲಸ ಕಾರು ಓಡಿಸುವುದು ಮತ್ತು ಕ್ಯಾಮೆರಾಕ್ಕೆ ಛತ್ರಿ ಹಿಡಿಯುವುದು. ನನಗಲ್ಲ, ಕ್ಯಾಮೆರಾಕ್ಕೆ. ಅದರ ತಿದಿ ಬಿಸಿಲಿಗೆ ಬಿರಿಯುತ್ತದಂತೆ. ನಾನು ಬಿರಿದರೆ ಪರವಾಗಿಲ್ಲ.

ಮೊಸಳೆ ಎನ್ನುವ ಊರಿನ ಜೋಡಿ ದೇವಸ್ಥಾನಕ್ಕೆ ಕರೆದುಕೊಂಡು ಹೋದಾಗ ಮೇಷ್ಟ್ರು ಗುಡಿಗಳಿಗೆ ಕೈಮುಗಿದು, ಬೆನ್ನು ತಿರುಗಿಸಿ, ಎದುರಿಗಿದ್ದ ಹುರುಳಿ ಹೊಲಕ್ಕೆ ಕ್ಯಾಮೆರಾ ಇಟ್ಟರು. ಯಾಕೆ ಅಂದರೆ "ಅದುನ್ನ ಆಗ್ಲೇ ಯಾರೋ ಚೆನ್ನಾಗಿ ಮಾಡಿಟ್ಟವ್ರೆ, ನಂದೇನು ಕೆಲ್ಸ ಅಲ್ಲಿ?" ಅಂದರು. ಚನ್ನರಾಯಪಟ್ಟಣದಲ್ಲಿ, ನನ್ನ ತವರಿನ ಕೆರೆಯ ಏರಿ ಮೇಲೆ, ಮದುವೆಗೆ ಮುಂಚಿನ ಫೋಟೊಶೂಟಿಗೆ ಬಂದಿದ್ದ ಜೋಡಿಯೊಂದು ಬಣ್ಣದ ಹೊಗೆ ಬಿಡುತ್ತಾ ಓಡಾಡುತ್ತಿತ್ತು. ಹುಡುಗ ಹತ್ತಿರ ಬಂದು "ಅಂಕಲ್, ಹಳೇ ಕ್ಯಾಮೆರಾದಲ್ಲಿ ನಮ್ಮದೊಂದು ತೆಗೀರಿ" ಅಂದ. ಮೇಷ್ಟ್ರು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ "ಇಲ್ಲ ಕಣಪ್ಪ, ನೀವು ಅಳ್ಳಾಡ್ತೀರ" ಅಂದುಬಿಟ್ಟರು.

ಅವರಿಗೆ ಬೇಕೇ ಬೇಕು ಅನ್ನಿಸಿದ್ದ ಒಂದು ಚಿತ್ರ ಮಾತ್ರ ಬಾಕಿ ಇತ್ತು. ಅರಕಲಗೂಡಿನಿಂದಾಚೆ ಒಂದು ಹಳ್ಳಿ. ಇಳಿಜಾರು ಹೊಲ, ಹೊಲದ ನಡುವಿನ ಬದುವಿನ ಮೇಲೆ ಆಲದ ಜಾತಿಯ ಒಂಟಿ ಗೋಣಿಮರ, ಅದರ ಹಿಂದೆ ಕೆರೆ, ಕೆರೆಯ ಹಿಂದೆ ಬೋಳು ಗುಡ್ಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದ್ದರಂತೆ. ಆಮೇಲೆ ಎಷ್ಟೋ ಸಲ ಹೋಗಿದ್ದಾರೆ. ಒಮ್ಮೆ ಕೆರೆಯಲ್ಲಿ ನೀರಿಲ್ಲ, ಒಮ್ಮೆ ಮೋಡವಿಲ್ಲ, ಒಮ್ಮೆ ಮರದಲ್ಲಿ ಎಲೆಯಿಲ್ಲ. ಕೆರೆ ತುಂಬಿರಬೇಕು, ಮೋಡ ಗುಡ್ಡದ ಮೇಲೆ ನೆರಳು ಹಾಕಬೇಕು, ಅದೇ ಹೊತ್ತಿಗೆ ಮರದ ಮೇಲೆ ಮಾತ್ರ ಬಿಸಿಲು ಬೀಳಬೇಕು. ಇಷ್ಟೇ ಅವರ ಬೇಡಿಕೆ. ಈಗ ಅವರ ಕೈ ನಡುಗಲು ಶುರುವಾಗಿತ್ತು. ಕೆಲವೇ ಫಿಲ್ಮ್ ಹಾಳೆಗಳು ಫ್ರಿಜ್ಜಿನಲ್ಲಿ ಕರಿಬೇವಿನ ಪಕ್ಕ ಉಳಿದಿದ್ದವು. "ಇದೊಂದು ಆಗ್ಬುಟ್ರೆ ಪೆಟ್ಟಿಗೆ ಮುಚ್ಚಿಟ್ಬುಡ್ತೀನಿ ಕಣಮ್ಮ" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಆದರೂ ಆ ಚಿತ್ರ ಅವರಿಗೆ ಸಿಕ್ಕಲೇಬೇಕು ಎಂದು ಅವರಿಗಿಂತ ಹೆಚ್ಚು ಹಟ ಹಿಡಿದವಳು ನಾನೇ.

ಆ ವರ್ಷ ಮಳೆ ಚೆನ್ನಾಗಿ ಬಂತು. ಕೆರೆ ತುಂಬಿದ ಸುದ್ದಿ ಕೇಳಿ ಹೊರಟೆವು. ಹೊಲದ ಅಂಚಿನಲ್ಲಿ ಸ್ಟ್ಯಾಂಡು ನೆಟ್ಟು, ಪೆಟ್ಟಿಗೆ ಕೂರಿಸಿ, ಮೇಷ್ಟ್ರು ಕಪ್ಪು ಬಟ್ಟೆಯೊಳಗೆ ಹೋದರು. ನಾನು ಛತ್ರಿ ಬಿಚ್ಚಿದೆ. ಬಿಸಿಲೇರುವ ಹೊತ್ತಿಗೆ ಅರ್ಧ ಊರು ನಮ್ಮ ಬೆನ್ನ ಹಿಂದೆ ನಿಂತಿತ್ತು.

"ಸರ್ವೇರು ಬಂದವ್ರೆ ಕಣ್ಲಾ," ಎಂದು ಯಾರೋ ಅಂದರು.

ತಪ್ಪು ಅವರದ್ದಲ್ಲ. ನಮ್ಮ ಕಡೆ ಹೊಲದಲ್ಲಿ ಮೂರು ಕಾಲಿನ ಯಂತ್ರ ಇಟ್ಟು ಒಕ್ಕಣ್ಣಿನಲ್ಲಿ ನೋಡಿದವರೆಲ್ಲ ಇವತ್ತಿನವರೆಗೆ ಸರ್ವೆಯವರೇ. ನಾಲೆಗೆ ನೋಡಿದರು, ನಾಲೆ ಬಂತು. ರಸ್ತೆಗೆ ನೋಡಿದರು, ರಸ್ತೆ ಬಂತು, ಹೊಲ ಹೋಯಿತು. ಫೋಟೊ ತೆಗೆಯಲು ಮೂರು ಕಾಲು ಯಾಕೆ ಬೇಕು, ಮೊಬೈಲ್ ಇಲ್ಲವೇ?

ನಾನು ತಿರುಗಿ, ಕ್ಲಾಸಿನಲ್ಲಿ ಮಾತಾಡುವ ಧ್ವನಿಯಲ್ಲಿ, ಇದು ಸರ್ವೆ ಅಲ್ಲ, ನಾವು ಫೋಟೊ ತೆಗೆಯುವವರು ಅಂದೆ.

"ಊಂ, ನಾಲೆ ಅಳ್ಯಕ್ಕೆ ಬಂದೋರೂ ಅಂಗೇ ಅಂದಿದ್ರು," ಅಂದ ಹಸಿರು ಟವಲಿನ ದೊಡ್ಡ ಆಳು.

"ನಿಜವಾಗಲೂ ಫೋಟೊನೇ ಕಣ್ರೀ."

"ಅಂಗಾರೆ ತೋರ್ಸಿ ಮೇಡಮ್ಮೋರೆ, ನೋಡವ."

ತೋರಿಸಲು ಏನಿದೆ? ಇನ್ನೂ ತೆಗೆದಿಲ್ಲ ಅಂದೆ. ಬೆಳಿಗ್ಗೆಯಿಂದ ಏನು ಮಾಡುತ್ತಿದ್ದೀರಿ ಅಂದರು. ಕಾಯುತ್ತಿದ್ದೇವೆ ಅಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತೆಗೆದ ಮೇಲೆ ತೋರಿಸುತ್ತೀರಾ ಅಂದರು. ಇಲ್ಲ, ಕತ್ತಲೆ ಕೋಣೆಯಲ್ಲಿ ಔಷಧಿಯಲ್ಲಿ ತೊಳೆಯಬೇಕು ಅಂದೆ. ನಾನು ಒಂದೊಂದು ಸತ್ಯ ಹೇಳಿದಂತೆಲ್ಲ ಅವರಿಗೆ ನಾವು ಸರ್ವೆಯವರು ಎನ್ನುವುದು ಇನ್ನಷ್ಟು ಖಾತ್ರಿಯಾಗುತ್ತಾ ಹೋಯಿತು. ಸರ್ಕಾರದವರಲ್ಲದೆ ಇಷ್ಟು ಹೊತ್ತು ಏನೂ ಮಾಡದೆ ಯಾರು ನಿಲ್ಲುತ್ತಾರೆ ಎಂದು ಹಸಿರು ಟವಲಿನವನು ಎಲ್ಲರಿಗೂ ವಿವರಿಸಿದ. ಮೇಷ್ಟ್ರು ಬಟ್ಟೆಯೊಳಗಿಂದ ಹೊರಗೇ ಬರಲಿಲ್ಲ.

ವಿಷಯ ತಿಳಿದದ್ದು ಆಮೇಲೆ. ಹಸಿರು ಟವಲಿನವನು ಬದುವಿನ ಈ ಕಡೆಯ ಹೊಲದವನು. ಆ ಕಡೆಯದು ಅವನ ತಮ್ಮನದು. ತಮ್ಮ ಮೀಸೆಯವನು, ಸ್ವಲ್ಪ ದೂರದಲ್ಲಿ ಬೈಕಿಗೆ ಒರಗಿ ನಿಂತಿದ್ದ. ಇಬ್ಬರಿಗೂ ಮಾತಿಲ್ಲ. ನಡುವಿನ ಗೋಣಿಮರ ನನ್ನದು ಅಂತ ಅಣ್ಣ, ನನ್ನದು ಅಂತ ತಮ್ಮ. ನ್ಯಾಯ ಹೇಳಿ ಹೇಳಿ ಸಾಕಾದ ಊರಿನ ಹಿರಿಯರು ಕಡಿದು ಮರದ ತುಂಡು ಸಮಪಾಲು ಮಾಡಿಕೊಳ್ಳಿ ಅಂದಿದ್ದರು. ಇಬ್ಬರೂ ಒಪ್ಪಿದ್ದರು. ಕುಯ್ಯುವವರು ಆ ವಾರವೇ ಬರಬೇಕಿತ್ತು.

ನಾವು ಕಾಯುತ್ತಿದ್ದ ಮರವೇ ಇಲ್ಲವಾಗುವುದರಲ್ಲಿತ್ತು. ಆದರೆ ಅಷ್ಟರಲ್ಲಿ ಊರು ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿಬಿಟ್ಟಿತ್ತು. ಸರ್ವೆ ಸಾಹೇಬರು ಮರವನ್ನೇ ನಡುಮಧ್ಯ ಇಟ್ಟು ನೋಡುತ್ತಿದ್ದಾರೆ, ಅಂದರೆ ಅದು ಯಾರ ಕಡೆ ಬೀಳುತ್ತದೆ ಎನ್ನುವುದು ಇನ್ನೇನು ಗೊತ್ತಾಗುತ್ತದೆ. ಗೊತ್ತಾದರೆ ಇಡೀ ಮರ ಒಬ್ಬನದೇ. ಹೀಗಿರುವಾಗ ಅರ್ಧಕ್ಕೆ ಯಾರು ಒಪ್ಪುತ್ತಾರೆ? ಕುಯ್ಯುವವರಿಗೆ ಅಣ್ಣನೂ ಫೋನು ಮಾಡಿದ, ತಮ್ಮನೂ ಮಾಡಿದ. ಸದ್ಯಕ್ಕೆ ಬರಬೇಡಿ, ಸರ್ವೆ ನಡೆಯುತ್ತಿದೆ.

ನಾನು ಬಾಯಿ ಮುಚ್ಚಿಕೊಂಡೆ. ಹೇಳುವಷ್ಟು ಸಲ ಹೇಳಿದ್ದೇನಲ್ಲ.

ಮುಂದಿನ ಭಾನುವಾರದಿಂದ ನಮಗೆ ರಾಜೋಪಚಾರ. ಅಣ್ಣನ ಮನೆಯಿಂದ ಎಳನೀರು ಬಂದರೆ ತಮ್ಮನ ಮನೆಯಿಂದ ಒಗ್ಗರಣೆ ಮಜ್ಜಿಗೆ. ಈ ಮನೆಯದು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಆ ಮನೆಯದು ಅಕ್ಕಿ ರೊಟ್ಟಿ, ಹಿತಕಿದ ಅವರೆಬೇಳೆ ಸಾರು. ಯಾರದ್ದು ತಿಂದರೂ ಇನ್ನೊಬ್ಬರ ಮುಖ ಬಾಡುತ್ತಿತ್ತು, ಹಾಗಾಗಿ ಎರಡನ್ನೂ ತಿನ್ನಬೇಕಿತ್ತು. ನನಗೆ ಛತ್ರಿ ಮೇಡಮ್ಮು ಎಂದು ಹೆಸರು ಬಿತ್ತು. ಒಬ್ಬ ಬಂದು ನಮ್ಮ ಹತ್ತಿರ ಕೂತರೆ ಇನ್ನೊಬ್ಬನೂ ಬಂದು ಕೂರುತ್ತಿದ್ದ. ತಾನಿಲ್ಲದಾಗ ಇವನು ಸಾಹೇಬರ ಕಿವಿ ಊದಿದರೆ? ಹೀಗೆ ವರ್ಷಗಳಿಂದ ಮುಖ ನೋಡದಿದ್ದ ಅಣ್ಣತಮ್ಮಂದಿರು ಭಾನುವಾರ ಪೂರ್ತಿ ಅದೇ ಬದುವಿನ ಮೇಲೆ, ನಡುವೆ ಒಂದಾಳು ಜಾಗ ಬಿಟ್ಟು, ಒಬ್ಬರನ್ನೊಬ್ಬರು ಕಾಯುತ್ತಾ ಕೂರತೊಡಗಿದರು.

ಮೇಷ್ಟ್ರು ಮಾತ್ರ ಗುಂಡಿ ಒತ್ತಲಿಲ್ಲ.

ಮೊದಮೊದಲು ಮೋಡ ನಿಜವಾಗಲೂ ಸರಿ ಇರಲಿಲ್ಲ. ಆದರೆ ಒಂದು ಭಾನುವಾರ ಮಧ್ಯಾಹ್ನ ಗುಡ್ಡದ ಮೇಲೆ ನೆರಳು ಬಿತ್ತು, ಮರದ ಮೇಲೆ ಬಿಸಿಲು ಬಂತು. ನಾನು ಹೋಲ್ಡರ್ ಹಿಡಿದು ಕೈಚಾಚಿ ನಿಂತೆ. ಮೇಷ್ಟ್ರು ಬಟ್ಟೆಯಿಂದ ತಲೆ ಹೊರಗೆ ಹಾಕಿ, ಆಕಾಶ ನೋಡಿ, "ಸರಿಯಿಲ್ಲ" ಅಂದರು. ಅದರ ಮುಂದಿನ ಸಲವೂ ಅಷ್ಟೇ.

ನನಗೆ ಸಿಟ್ಟು ಬಂದರೆ ಕಾರು ಜೋರಾಗಿ ಓಡುತ್ತದೆ. ಅವತ್ತು ಅರಕಲಗೂಡು ದಾಟುವವರೆಗೆ ತಡೆದುಕೊಂಡೆ. ಆಮೇಲೆ ಆಗಲಿಲ್ಲ.

"ಮೇಷ್ಟ್ರೇ, ಇನ್ನೆಂಥಾ ಬೆಳಕು ಬೇಕು ನಿಮಗೆ? ಸೂರ್ಯನಿಗೆ ಅರ್ಜಿ ಹಾಕಬೇಕಾ? ನಿಮ್ಮ ಕೈ ನೋಡಿಕೊಳ್ಳಿ. ಮುಂದಿನ ವರ್ಷ ಕೆರೆ ತುಂಬದಿದ್ದರೆ ಏನು ಮಾಡ್ತೀರಿ?"

"ನಿಧಾನುಕ್ಕೆ ಓಡ್ಸು, ಲೆನ್ಸು ಕುಲುಕ್ತದೆ," ಅಂದರು. ತೊಡೆಯ ಮೇಲಿದ್ದ ಕಪ್ಪು ಬಟ್ಟೆಯನ್ನು ಮಡಿಸುತ್ತಾ, "ಬಟ್ಟೆ ಕಣ್ಣಿಗೆ ಮುಚ್ಕತದೆ ಕಣಮ್ಮ, ಕಿವಿಗಲ್ಲ."

ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ! ಮೊದಲ ದಿನದಿಂದಲೂ. ನಾನು ಇವರ ಪರವಾಗಿ ಅಷ್ಟು ಜನರ ಹತ್ತಿರ ಗಂಟಲು ಹರಿದುಕೊಳ್ಳುವಾಗ ಈ ಮಹಾನುಭಾವರು ಒಳಗೆ ತೆಪ್ಪಗೆ ನಿಂತಿದ್ದರು.

"ನಾನು ಆ ಡಬ್ಬಿ ತೂರ್ಸಿ ಗುಂಡಿ ಒತ್ತುದ್ರೆ ಕೆಲ್ಸ ಆಯ್ತು ಅಂತ ಅವ್ರಿಗೆ ಗೊತ್ತಾಯ್ತದೆ. ಏನಾಯ್ತು ಅಂತ ಕೇಳ್ತಾರೆ. ಏನೇಳ್ಳಿ? ಆಮ್ಯಾಕೆ ಆ ಮರ ಉಳೀತದಾ?"

ನನಗೆ ತಕ್ಷಣ ಉಪಾಯ ಹೊಳೆಯಿತು. "ತೆಗೆದುಬಿಡಿ. ತೆಗೆದ ಮೇಲೂ ಬರ್ತಾ ಇರೋಣ. ಕಾಯೋ ಹಾಗೆ ನಟಿಸಿದರಾಯ್ತು."

ಮೇಷ್ಟ್ರು ನಕ್ಕರು. "ನಂಗೆ ನಾಟ್ಕ ಬರಲ್ಲ. ಈಗ ನಾನು ದಿಟವಾಗ್ಲೂ ಕಾಯ್ತಾ ಇವ್ನಿ. ಅದುಕ್ಕೇ ಅವ್ರು ನಂಬಿರದು."

ಹೊಳೆನರಸೀಪುರ ಬರುವವರೆಗೆ ನಿಧಾನಕ್ಕೆ ಓಡಿಸಿದೆ. ಮೇಷ್ಟ್ರ ಮೇಲೆ ಗೌರವ ಹೆಚ್ಚಿತು ಎನ್ನುವುದು ನಿಜ, ಆದರೆ ಕೋಪವೂ ಅಷ್ಟೇ ಇತ್ತು. ಜೀವಮಾನವಿಡೀ ಬೇಡಿದ ಚಿತ್ರ ಎದುರಿಗೇ ಬಂದು ನಿಂತಾಗ ಬೇಡ ಎನ್ನುವ ಮನುಷ್ಯನನ್ನು ಏನು ಮಾಡುವುದು?

ಮುಂದಿನ ಭಾನುವಾರ ಕಾರಿನಿಂದ ಇಳಿಯುವಾಗಲೇ ಹೊಲದಲ್ಲಿ ಹೊಸ ಮುಖ ಕಂಡಿತು. ಟೋಪಿ ಹಾಕಿದ ಯುವಕ, ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೆ ಅಣಬೆಯಂಥ ಬಿಳಿ ಯಂತ್ರ. ಇವನು ನಿಜವಾದ ಸರ್ವೆಯವನು. ಯಾವುದೋ ಕಾಲದಲ್ಲಿ ತಮ್ಮ ಕೊಟ್ಟಿದ್ದ ಅರ್ಜಿಗೆ ಈಗ ಸರದಿ ಬಂದಿತ್ತು. ವಾರದಲ್ಲಿ ಕೆಲಸ ಜಾಸ್ತಿ ಇದ್ದುದರಿಂದ ರಜಾ ದಿನವೇ ಬಂದಿದ್ದ ಪಾಪ.

"ಬದುವಿಂದ್ಯಾಕೆ ಇಷ್ಟ್ ತಲೆಬಿಸಿ? ಅರ್ಧ ಗಂಟೇಲಿ ಅಳ್ದು ಮುಗಿಸ್ತೀನಿ," ಎನ್ನುತ್ತಿದ್ದ.

"ಎಷ್ಟೊತ್ತು ಅಂದ್ರಿ?" ಅಣ್ಣ ಕೇಳಿದ.

"ಅರ್ಧ ಗಂಟೆ. ಸ್ಯಾಟಲೈಟಲ್ಲಿ ಬಂದ್ಬಿಡುತ್ತೆ."

ಅಣ್ಣ ಆ ಅಣಬೆಯನ್ನು ನೋಡಿದ. ಆಮೇಲೆ ತೇಗದ ಪೆಟ್ಟಿಗೆ ಎತ್ತಿಕೊಂಡು ನಿಧಾನವಾಗಿ ಬದುವಿನ ಮೇಲೆ ಬರುತ್ತಿದ್ದ ಮೇಷ್ಟ್ರನ್ನು ನೋಡಿದ. ಆಮೇಲೆ, ವರ್ಷಗಳಾದ ಮೇಲೆ ಮೊದಲ ಸಲ, ತಮ್ಮನ ಕಡೆ ತಿರುಗಿ ಮಾತಾಡಿದ.

"ಕೇಳ್ದೇನ್ಲಾ? ಅರ್ಧ ಗಂಟೆಯಂತೆ!"

ತಮ್ಮ ಮೀಸೆಯಲ್ಲೇ ನಕ್ಕ. "ನಮ್ ಸಾಹೇಬ್ರು ಮಳೆಗಾಲ್ದಿಂದ ಒಂದೇ ಮರ ನೋಡ್ತಾವ್ರೆ, ಇನ್ನೂ ಬಗೆಹರ್ದಿಲ್ಲ. ಇವ್ನು ಕೋಲು ಊರಿ ಯೋಳ್ಬುಡ್ತಾನಂತೆ ಕಣಣ್ಣೋ."

ಯುವಕ ಗುರುತಿನ ಕಾರ್ಡು ತೋರಿಸಿದ. ಅದನ್ನು ಯಾರೂ ಸರಿಯಾಗಿ ನೋಡಲೂ ಇಲ್ಲ. ಬಟ್ಟೆ ಹೊದ್ದುಕೊಳ್ಳದೆ, ಬೆವರು ಸುರಿಸದೆ, ಮೋಡ ನೋಡದೆ ಅಳೆಯುವವನನ್ನು ನಂಬಲು ಅವರೇನು ದಡ್ಡರೇ? ನಮಗೆ ಅಳತೆ ಬೇಡ, ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿ, ಅಣ್ಣನ ಎಳನೀರನ್ನೂ ತಮ್ಮನ ಮಜ್ಜಿಗೆಯನ್ನೂ ಕುಡಿಸಿ, ಮರ್ಯಾದೆಯಿಂದಲೇ ಅವನನ್ನು ಕಳಿಸಿಕೊಟ್ಟರು. ಹೋಗುವಾಗ ಅವನು ನಮ್ಮ ಕ್ಯಾಮೆರಾವನ್ನು ಕಣ್ಣರಳಿಸಿ ನೋಡಿ "ಇದ್ಯಾವ ಮಾಡೆಲ್ ಮೇಡಮ್?" ಎಂದು ಮೆಲ್ಲಗೆ ಕೇಳಿದ. ಹಳೆಯದು ಅಂದೆ.

ಮೇಷ್ಟ್ರು ಆಗಲೇ ಬಟ್ಟೆಯೊಳಗಿದ್ದರು. ಬಟ್ಟೆ ಗಡಗಡ ಅಲುಗುತ್ತಿತ್ತು. ಏನೋ ಆಯಿತೆಂದು ಗಾಬರಿಯಾಗಿ ಬಗ್ಗಿ ನೋಡಿದರೆ, ಹೊಟ್ಟೆ ಹಿಡಿದುಕೊಂಡು, ಸದ್ದು ಬಾರದಂತೆ ನಗುತ್ತಿದ್ದರು.

ಅಣ್ಣ ಹತ್ತಿರ ಬಂದ. ಬಟ್ಟೆಗೇ ಕೈಮುಗಿದು ಹೇಳಿದ.

"ಸಾ, ನೀವು ನಿಧಾನುಕ್ಕೆ ನೋಡಿ. ಆತ್ರ ಏನಿಲ್ಲ. ನಿಮ್ಮ ಕೆಲ್ಸ ಮುಗಿಯಾಗಂಟ ಆ ಮರಕ್ಕೆ ಯಾರೂ ಕೈಯಿಕ್ಕಲ್ಲ. ನನ್ ತಮ್ಮುಂದೂ ಅದೇ ಮಾತು."

ತಮ್ಮ ಹೌದೆಂದು ತಲೆಯಾಡಿಸಿದ. ಇಬ್ಬರೂ ಹೋಗಿ ಬದುವಿನ ಮೇಲೆ ಕೂತರು. ನಡುವಿನ ಜಾಗದಲ್ಲಿ ಎಲೆಅಡಿಕೆ ಚೀಲ ಬಂದು ಕೂತಿತ್ತು.

ಸ್ವಲ್ಪ ಹೊತ್ತಿಗೆ ಗಾಳಿ ನಿಂತಿತು. ಗುಡ್ಡದ ಮೇಲೆ ಮೋಡ ಬಂತು. ನೆರಳು ಕೆರೆಯ ದಡದವರೆಗೆ ಇಳಿದು ಅಲ್ಲೇ ನಿಂತಿತು. ಗೋಣಿಮರದ ಮೇಲೆ ಬಿಸಿಲು ಬಿತ್ತು, ಅದರ ಮೇಲೆ ಮಾತ್ರ. ಒಂದೆಲೆಯೂ ಅಲುಗಲಿಲ್ಲ. ಹಿಂದಿನ ಭಾನುವಾರಗಳ ಬೆಳಕು ಇದರ ಮುಂದೆ ಏನೂ ಅಲ್ಲ. ಸಿಡುಕಿಯಾದ ನಾನೂ ಛತ್ರಿ ಅಲುಗದಂತೆ ಹಿಡಿದು ನಿಂತೆ.

ಬಟ್ಟೆಯಿಂದ ಮೇಷ್ಟ್ರ ಕೈ ಹೊರಬಂತು. ಹೋಲ್ಡರನ್ನು ಅದರಲ್ಲಿಟ್ಟೆ. ಅವರು ಅದನ್ನು ಕ್ಯಾಮೆರಾದ ಬೆನ್ನಿಗೆ ತಂದರು, ಅಂಚು ತಾಗಿಸಿದರು. ಕೈ ನಡುಗುತ್ತಿರಲಿಲ್ಲ. ತೂರಿಸಿಬಿಡಿ ಮೇಷ್ಟ್ರೇ, ಮರ ಹಾಳಾಗಿ ಹೋಗಲಿ ಎಂದು ಮನಸ್ಸಿನಲ್ಲಿ ಕೂಗಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಬೇಕಾಗಿದ್ದದ್ದು ಆ ಚಿತ್ರ ಮಾತ್ರ.

ಅವರು ಬಟ್ಟೆಯಿಂದ ತಲೆ ಹೊರಗೆ ಹಾಕಿ ಬದುವಿನ ಮೇಲೆ ಕೂತಿದ್ದ ಇಬ್ಬರನ್ನೂ ನೋಡಿದರು. ಹೋಲ್ಡರನ್ನು ನನ್ನ ಕೈಗೆ ವಾಪಸ್ ಕೊಟ್ಟರು.

"ಬಾ, ನೋಡು," ಅಂದರು. "ಬೇಗ. ಓಯ್ತದೆ."

ಬಟ್ಟೆಯೊಳಗೆ ತಲೆ ತೂರಿಸಿದೆ. ಗಾಜಿನ ಮೇಲೆ ಇಡೀ ಹೊಲ ತಲೆಕೆಳಗಾಗಿ ನಿಂತಿತ್ತು. ಲೆನ್ಸು ಹಾಗೆಯೇ ತೋರಿಸುವುದು. ಕೆಳಗೆ ಮೋಡ, ಅದರ ಮೇಲೆ ಕಪ್ಪು ಗುಡ್ಡ, ಗುಡ್ಡದ ಮೇಲೆ ತೆಳ್ಳಗೆ ಹೊಳೆಯುವ ಕೆರೆ, ಮೇಲಿನ ನೆಲದಿಂದ ಕೆಳಗೆ ಇಳಿಬಿದ್ದು ಉರಿಯುತ್ತಿರುವ ಗೋಣಿಮರ. ಅಂಚಿನಲ್ಲಿ ತಲೆಕೆಳಗಾಗಿ ಕೂತ ಇಬ್ಬರು ಗಂಡಸರು. ಒಬ್ಬ ಇನ್ನೊಬ್ಬನಿಗೆ ಸುಣ್ಣ ಹಚ್ಚಿದ ಎಲೆ ಕೊಡುತ್ತಿದ್ದ. ನನ್ನ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಂಡರೆ ಅಷ್ಟು ಹೊತ್ತು ನೋಡುವುದು ತಪ್ಪುತ್ತದೆಂದು ಒರೆಸಿಕೊಳ್ಳಲಿಲ್ಲ. ನೋಡುತ್ತಿದ್ದಂತೆಯೇ ಮೋಡ ಸರಿಯಿತು, ಮರ ಮಂಕಾಯಿತು.

ಹೊರಗೆ ಬಂದೆ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ಅಣ್ಣ ಎದ್ದು ನಿಂತು ಕೂಗಿದ.

"ಏನಾಯ್ತು ಮೇಡಮ್ಮೋರೆ? ಕೆಲ್ಸ ಆಯ್ತಾ?"

ನಾನು ಛತ್ರಿ ನೆಟ್ಟಗೆ ಹಿಡಿದು, ಸರ್ಕಾರಿ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡೆ.

"ಎಲ್ಲಿ ಆಯ್ತು? ತುಂಬಾ ತೊಡಕಿನ ಸರ್ವೆ ಕಣ್ರೀ ಇದು. ಇನ್ನೂ ಬಹಳ ವರ್ಷ ಹಿಡಿಯುತ್ತೆ," ಅಂದೆ.